ಕಿಟ್ಟೆಲ್ ಹುಟ್ಟಿದ ಹಳ್ಳಿಯನ್ನು ಓದುವ ಬಗೆ: ರೆಸ್ಟರ್‌ಹಾಫೆಯ ಇತಿಹಾಸ ಮತ್ತು ಭೂಗೋಳಕ್ಕೊಂದು ಮಾರ್ಗದರ್ಶಿ

ರೆವರೆಂಡ್ ಫರ್ಡಿನಂಡ್ ಕಿಟ್ಟೆಲ್ 1832ರಲ್ಲಿ ಜರ್ಮನಿಯ ರೆಸ್ಟರ್‌ಹಾಫೆ ಎಂಬಲ್ಲಿ ಹುಟ್ಟಿದರು ಎಂಬ ಸಂಗತಿ, 1894ರ ಕನ್ನಡ–ಇಂಗ್ಲಿಷ್ ನಿಘಂಟಿನ ಬಗ್ಗೆ ಬರೆದ ಲೇಖನಗಳಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. ಆ ಊರು ಎಂಥ ನೆಲದ ಮೇಲಿದೆ, ಅದನ್ನು ಯಾರು ಯಾರು ಆಳಿದರು, ಅಲ್ಲಿಯ ಜನ ಏನು ಮಾಡಿ ಬದುಕಿದರು ಎಂದು ತಿಳಿಯಬಯಸುವ ಕನ್ನಡ ಓದುಗರಿಗಾಗಿ ಈ ಬರಹ. ಇಲ್ಲಿ ಹೇಳಿರುವ ಕ್ರಮ ಜರ್ಮನಿಯ ಬೇರೆ ಸಣ್ಣ ಹಳ್ಳಿಗಳಿಗೂ ಬಹುಮಟ್ಟಿಗೆ ಹೊಂದುತ್ತದೆ. ಆದರೆ ಉತ್ತರ ಸಮುದ್ರದ ಕರಾವಳಿಯ ಹಳ್ಳಿಗೆ ಅದರದೇ ಆದ ಕೆಲವು ಬೀಗಗಳೂ ಕೀಲಿಕೈಗಳೂ ಇವೆ.

ಮೊದಲು ಊರಿನ ಇಂದಿನ ವಿಳಾಸವನ್ನೂ ಹಳೆಯ ವಿಳಾಸಗಳನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಬೇಕು. ರೆಸ್ಟರ್‌ಹಾಫೆ ಈಗ ಸ್ವತಂತ್ರ ಪಂಚಾಯಿತಿಯಲ್ಲ. ಅದು ಲೋವರ್ ಸ್ಯಾಕ್ಸನಿ ರಾಜ್ಯದ ಔರಿಖ್ ಜಿಲ್ಲೆಯ ಡೋರ್ನುಮ್ ಪುರಸಭೆಗೆ ಸೇರಿದ ಊರು. ಈ ಭಾಗ 1977ರವರೆಗೆ ನೋರ್ಡನ್ ಎಂಬ ಬೇರೆ ಜಿಲ್ಲೆಯಲ್ಲಿತ್ತು. ಆದ್ದರಿಂದ ಹಳೆಯ ಸೂಚಿಗಳಲ್ಲಿ ಔರಿಖ್ ಹೆಸರಿನಡಿ ಊರು ಸಿಗದಿದ್ದರೆ ನೋರ್ಡನ್ ಹೆಸರಿನಡಿ ಹುಡುಕಬೇಕು. ಹಳೆಯ ಬರಹಗಳಲ್ಲಿ ಊರಿನ ಹೆಸರಿನ ಕೊನೆಯ ಭಾಗದ ಕಾಗುಣಿತವೂ ಒಂದೇ ತೆರನಾಗಿಲ್ಲ, ಹಾಗಾಗಿ ಎರಡು ಮೂರು ರೂಪಗಳಲ್ಲಿ ಹುಡುಕುವುದು ಒಳ್ಳೆಯದು. ಔರಿಖ್ ನಗರದಲ್ಲಿರುವ ಓಸ್ಟ್‌ಫ್ರೀಸಿಶೆ ಲಾಂಡ್‌ಶಾಫ್ಟ್ ಎಂಬ ಪ್ರಾದೇಶಿಕ ಸಂಸ್ಕೃತಿ ಸಂಸ್ಥೆ ಆ ಸೀಮೆಯ ಊರುಗಳ ಬಗ್ಗೆ ಜರ್ಮನ್ ಭಾಷೆಯಲ್ಲಿ ಮಾಹಿತಿಯನ್ನು ಅಂತರ್ಜಾಲದಲ್ಲಿಟ್ಟಿದೆ. ಆರಂಭಕ್ಕೆ ಅದಕ್ಕಿಂತ ಉತ್ತಮ ಸ್ಥಳವಿಲ್ಲ.

ಎರಡನೆಯದಾಗಿ ನೀರನ್ನು ಓದಬೇಕು. ಬಹುತೇಕ ಜನ ಊರಿನ ಇತಿಹಾಸವನ್ನು ರಾಜರಿಂದ ಶುರುಮಾಡುತ್ತಾರೆ. ಓಸ್ಟ್‌ಫ್ರೀಸ್‌ಲಾಂಟ್ ಎಂಬ ಈ ಕರಾವಳಿ ಸೀಮೆಯ ಮಟ್ಟಿಗೆ ಅದು ತಲೆಕೆಳಗಾದ ಕ್ರಮವೆಂದೇ ನನ್ನ ಅಭಿಪ್ರಾಯ. ಇಲ್ಲಿ ನೆಲವೇ ಮನುಷ್ಯರು ಮಾಡಿಕೊಂಡದ್ದು. ಸೀಮೆಯಲ್ಲಿ ಮೂರು ಬಗೆಯ ಭೂಮಿಯಿದೆ: ಸಮುದ್ರ ತಂದು ಹಾಕಿದ ಜೇಡಿಯ ಫಲವತ್ತಾದ ತಗ್ಗು ಬಯಲು, ಒಳನಾಡಿನ ಮರಳು ಮಿಶ್ರಿತ ತುಸು ಎತ್ತರದ ನೆಲ, ಮತ್ತು ಇವುಗಳ ನಡುವೆಯೂ ಒಳಗೂ ಹರಡಿದ್ದ ಜೌಗು. ತಗ್ಗು ಬಯಲಿನಲ್ಲಿ ಸಮುದ್ರವನ್ನು ತಡೆಯುವ ಏರಿಗಳಿಲ್ಲದ ಕಾಲದಲ್ಲಿ ಜನರು ಮಣ್ಣು, ಸಗಣಿ ಪೇರಿಸಿ ಕೃತಕ ದಿಬ್ಬಗಳನ್ನು ಕಟ್ಟಿ ಅವುಗಳ ಮೇಲೆ ಮನೆ ಮಾಡಿಕೊಂಡರು; ಹಳೆಯ ಚರ್ಚುಗಳೂ ಇಂಥ ದಿಬ್ಬಗಳ ಮೇಲೆಯೇ ನಿಂತಿವೆ. ಸುಮಾರು ಕ್ರಿ.ಶ. 1000ದಿಂದ ಸಮುದ್ರಕ್ಕೆ ಅಡ್ಡವಾಗಿ ಉದ್ದನೆಯ ಮಣ್ಣಿನ ಏರಿಗಳನ್ನು ಕಟ್ಟತೊಡಗಿದರು. ಏರಿ ಕಟ್ಟಿದ ಮೇಲೆ ಒಳಗಿನ ಮಳೆನೀರು ಹೊರಹೋಗಬೇಕಲ್ಲ? ಅದಕ್ಕಾಗಿ, ಸಮುದ್ರ ಇಳಿದಾಗ ತೆರೆದುಕೊಂಡು ಏರಿದಾಗ ಮುಚ್ಚಿಕೊಳ್ಳುವ ತೂಬುಗಳನ್ನು ಇಟ್ಟರು. ‘ಜೀಲ್’ ಎಂದು ಕೊನೆಗೊಳ್ಳುವ ಡೋರ್ನುಮರ್‌ಜೀಲ್, ನೆಸ್ಮರ್‌ಜೀಲ್ ಮೊದಲಾದ ಊರುಗಳು ಬೆಳೆದದ್ದು ಇಂಥ ತೂಬುಗಳ ಬಳಿಯಲ್ಲೇ. ಡೋರ್ನುಮರ್‌ಗ್ರೋಡೆಯಂತಹ ಹೆಸರುಗಳು ಸಮುದ್ರದಿಂದ ಗೆದ್ದುಕೊಂಡ ನೆಲವನ್ನು ತೋರಿಸುತ್ತವೆ. ಹೀಗಾಗಿ ನಕ್ಷೆಯಲ್ಲಿ ಊರ ಹೆಸರುಗಳನ್ನು ಒಳನಾಡಿನಿಂದ ಕಡಲ ಕಡೆಗೆ ಓದುತ್ತ ಹೋದರೆ, ಶತಮಾನದಿಂದ ಶತಮಾನಕ್ಕೆ ದಡ ಮುಂದೆ ಸರಿದದ್ದು ತಾನೇ ಕಾಣುತ್ತದೆ.

ಇದಕ್ಕೆ ಪ್ರವಾಹಗಳ ಪಟ್ಟಿಯನ್ನು ಜೋಡಿಸಬೇಕು. 1717ರ ಡಿಸೆಂಬರ್ 24ರ ರಾತ್ರಿ ಬಂದ ಕ್ರಿಸ್‌ಮಸ್ ಪ್ರವಾಹದಲ್ಲಿ ನೆದರ್‌ಲ್ಯಾಂಡ್ಸ್‌ನಿಂದ ಡೆನ್ಮಾರ್ಕ್‌ವರೆಗಿನ ಕರಾವಳಿಯಲ್ಲಿ ಸುಮಾರು 12,000 ಜನ ಸತ್ತರು. 1825ರ ಫೆಬ್ರವರಿಯಲ್ಲಿ, ಅಂದರೆ ಕಿಟ್ಟೆಲ್ ಹುಟ್ಟುವುದಕ್ಕೆ ಏಳು ವರ್ಷ ಮೊದಲು, ಮತ್ತೊಂದು ದೊಡ್ಡ ಪ್ರವಾಹ ಬಂದಿತ್ತು. ಏರಿಯ ದುರಸ್ತಿ ಪ್ರತಿಯೊಬ್ಬ ಭೂಮಾಲಿಕನ ಪಾಲಿನ ಕರ್ತವ್ಯವಾಗಿತ್ತು. ತನ್ನ ಪಾಲಿನ ಏರಿಯನ್ನು ಕಾಯಲಾರದವನು ಅದರಲ್ಲಿ ಗುದ್ದಲಿ ನೆಟ್ಟು ಭೂಮಿಯನ್ನೇ ಬಿಟ್ಟು ಹೋಗಬೇಕು, ಆ ಗುದ್ದಲಿ ಕಿತ್ತವನಿಗೆ ಭೂಮಿಯೂ ಸೇರುತ್ತದೆ, ದುರಸ್ತಿಯ ಹೊಣೆಯೂ ಸೇರುತ್ತದೆ ಎಂಬ ಕಟ್ಟಳೆಯಿತ್ತು. ಆದ್ದರಿಂದ ಒಂದು ಮನೆತನದ ಜಮೀನು ದಾಖಲೆಯಲ್ಲಿ ಇದ್ದಕ್ಕಿದ್ದಂತೆ ಕೈಬದಲಾಗಿರುವುದು ಕಂಡರೆ, ಸಾಲ ಅಥವಾ ಜಗಳವನ್ನು ಊಹಿಸುವ ಮೊದಲು ಆ ವರ್ಷದ ಹಿಂದೆಮುಂದೆ ಪ್ರವಾಹ ಬಂದಿತ್ತೇ ಎಂದು ನೋಡಬೇಕು. ಅದೇ ದಾಖಲೆಗಳಲ್ಲಿ ಡೀಮಾಟ್ ಎಂಬ ಅಳತೆ ಸಿಗುತ್ತದೆ. ಒಬ್ಬಾಳು ಒಂದು ದಿನದಲ್ಲಿ ಕೊಯ್ಯಬಹುದಾದ ಹುಲ್ಲುಗಾವಲು ಎಂಬುದು ಅದರ ಮೂಲ ಕಲ್ಪನೆ; ಇಂದಿನ ಲೆಕ್ಕದಲ್ಲಿ ಅದು ಅರ್ಧ ಹೆಕ್ಟೇರಿಗಿಂತ ತುಸು ಹೆಚ್ಚು.

ನೀರಿನ ಲೆಕ್ಕ ಮುಗಿದ ಮೇಲೆ ಆಳಿದವರ ಪಟ್ಟಿ. ಇದು ಕೇವಲ ಕುತೂಹಲಕ್ಕಲ್ಲ. ಯಾವ ಕಾಲದ ಕಾಗದ ಯಾವ ಭಾಷೆಯಲ್ಲಿ, ಯಾವ ಕಚೇರಿಯ ಕಟ್ಟಿನಲ್ಲಿ ಇರಬಹುದು ಎಂಬುದನ್ನು ಈ ಪಟ್ಟಿಯೇ ಹೇಳುತ್ತದೆ. ಮಧ್ಯಯುಗದ ಫ್ರೀಸಿಯನ್ನರು ತಮ್ಮ ಮೇಲೆ ಊಳಿಗಮಾನ್ಯ ಒಡೆಯರಿಲ್ಲವೆಂದು ಹೆಮ್ಮೆಪಡುತ್ತಿದ್ದರು. ಅನಂತರ ಸ್ಥಳೀಯ ನಾಯಕ ಮನೆತನಗಳು ತಲೆಯೆತ್ತಿದವು. ಡೋರ್ನುಮ್‌ನಲ್ಲಿ ಇಂದಿಗೂ ಉಳಿದಿರುವ ನೋರ್ಡರ್‌ಬುರ್ಗ್ ಮತ್ತು ಬೆನಿಂಗಾಬುರ್ಗ್ ಅವರ ಕಾಲವನ್ನು ನೆನಪಿಸುವ ಕೋಟೆಮನೆಗಳು. 1464ರಲ್ಲಿ ಚಿರ್ಕ್‌ಸೇನಾ ಮನೆತನಕ್ಕೆ ಕೌಂಟ್ ಪದವಿ ಸಿಕ್ಕಿತು. ಆ ವಂಶ 1744ರಲ್ಲಿ ನಿಂತುಹೋದಾಗ ಸೀಮೆ ಪ್ರಷ್ಯಾ ಎಂಬ ಜರ್ಮನ್ ರಾಜ್ಯದ ಪಾಲಾಯಿತು, 1807ರಲ್ಲಿ ಹಾಲೆಂಡ್ ರಾಜ್ಯಕ್ಕೆ, 1810ರಲ್ಲಿ ನೆಪೋಲಿಯನ್ನನ ಫ್ರೆಂಚ್ ಸಾಮ್ರಾಜ್ಯಕ್ಕೆ, 1813ರಲ್ಲಿ ಮತ್ತೆ ಪ್ರಷ್ಯಾಕ್ಕೆ, 1815ರಲ್ಲಿ ಹ್ಯಾನೋವರ್ ರಾಜ್ಯಕ್ಕೆ, 1866ರಲ್ಲಿ ಮೂರನೆಯ ಬಾರಿ ಪ್ರಷ್ಯಾಕ್ಕೆ ಸೇರಿತು. ಲೋವರ್ ಸ್ಯಾಕ್ಸನಿ ರಾಜ್ಯ ಹುಟ್ಟಿದ್ದು 1946ರಲ್ಲಿ. ಹೀಗೆ ನೋಡಿದರೆ ಕಿಟ್ಟೆಲ್ ಹುಟ್ಟಿದಾಗ ಜರ್ಮನಿ ಎಂಬ ಏಕರಾಷ್ಟ್ರವೇ ಇರಲಿಲ್ಲ. 1837ರವರೆಗೆ ಬ್ರಿಟನ್ನಿನ ದೊರೆಯೇ ಹ್ಯಾನೋವರಿನ ದೊರೆಯೂ ಆಗಿದ್ದನಾದ್ದರಿಂದ ಶಿಶು ಕಿಟ್ಟೆಲ್ ನಾಲ್ಕನೆಯ ವಿಲಿಯಮ್ಮನ ಪ್ರಜೆ. ಈಸ್ಟ್ ಇಂಡಿಯಾ ಕಂಪನಿ ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡದ್ದು ಅದಕ್ಕೆ ಒಂದು ವರ್ಷ ಮೊದಲು, ಅದೇ ದೊರೆಯ ಕಾಲದಲ್ಲಿ, ಎಂಬುದನ್ನು ಕನ್ನಡಿಗರು ಗಮನಿಸಬಹುದು. ಇಷ್ಟು ಆಳ್ವಿಕೆಗಳ ಕಾಗದಪತ್ರಗಳ ಬಹುಭಾಗ ಔರಿಖ್‌ನಲ್ಲಿರುವ ಲೋವರ್ ಸ್ಯಾಕ್ಸನಿ ರಾಜ್ಯ ಪತ್ರಾಗಾರದ ಶಾಖೆಯಲ್ಲಿದೆ.

ಜನರನ್ನು ಹುಡುಕಲು ಚರ್ಚಿನ ಪುಸ್ತಕಗಳೇ ಆಧಾರ. ಪ್ರಷ್ಯಾದಲ್ಲಿ ಸರ್ಕಾರಿ ಜನನ–ಮರಣ ನೋಂದಣಿ ಆರಂಭವಾದದ್ದು 1874ರ ಅಕ್ಟೋಬರಿನಲ್ಲಿ; ಅದಕ್ಕೂ ಹಿಂದಿನ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳ ವಿವರ ಪಾದ್ರಿಯ ಕೈಬರಹದಲ್ಲಿರುತ್ತದೆ. ಫ್ರೆಂಚರ ಆಳ್ವಿಕೆಯ ಕೆಲವೇ ವರ್ಷಗಳು ಮಾತ್ರ ಇದಕ್ಕೆ ಹೊರತು. ಓಸ್ಟ್‌ಫ್ರೀಸ್‌ಲಾಂಟಿನ ಪಶ್ಚಿಮದಲ್ಲಿ, ಎಮ್ಡೆನ್ ಸುತ್ತಮುತ್ತ, ಕ್ಯಾಲ್ವಿನ್ ಪಂಥ ಪ್ರಬಲ. ಡೋರ್ನುಮ್ ಕಡೆ ಲೂಥರನ್ ಪಂಥ. ಪಾದ್ರಿಯ ಮಗನಾದ ಕಿಟ್ಟೆಲ್ ಬೆಳೆದದ್ದು ಈ ಲೂಥರನ್ ಪರಿಸರದಲ್ಲಿ. ಆರ್ಖಿಯೋನ್ ಎಂಬ ತಾಣದಲ್ಲಿ ಜರ್ಮನಿಯ ಪ್ರಾಟೆಸ್ಟೆಂಟ್ ಚರ್ಚುಗಳ ಅನೇಕ ಪುಸ್ತಕಗಳ ಚಿತ್ರಪ್ರತಿಗಳನ್ನು ಹಣ ಕಟ್ಟಿ ನೋಡಬಹುದು. ಹಣ ಕಟ್ಟುವ ಮುನ್ನ ಬೇಕಾದ ಚರ್ಚು, ಬೇಕಾದ ವರ್ಷ ಎರಡೂ ಅದರ ಪಟ್ಟಿಯಲ್ಲಿವೆಯೇ ಎಂದು ಖಚಿತಪಡಿಸಿಕೊಳ್ಳುವುದು ವಿವೇಕ.

ಇಲ್ಲಿ ಹೊಸಬರನ್ನು ಎರಡು ತೊಡಕುಗಳು ಕಾಡುತ್ತವೆ. ಒಂದು, ಲಿಪಿ. ಕುರೆಂಟ್ ಎಂಬ ಹಳೆಯ ಜರ್ಮನ್ ಕೂಡಕ್ಷರದಲ್ಲಿ ‘ಇ’, ‘ಎನ್’, ‘ಎಮ್’ ಅಕ್ಷರಗಳೆಲ್ಲ ಒಂದೇ ರೀತಿಯ ಮೊನಚು ಗೆರೆಗಳಾಗಿ ಕಾಣುತ್ತವೆ. ಟ್ರಾನ್ಸ್‌ಕ್ರಿಬಸ್ ತಂತ್ರಾಂಶ ಇದನ್ನು ತಕ್ಕಮಟ್ಟಿಗೆ ಓದಿಕೊಡುತ್ತದಾದರೂ ಹೆಸರುಗಳ ವಿಷಯದಲ್ಲಿ ಅದನ್ನು ನೆಚ್ಚುವಂತಿಲ್ಲ. ಆ ಅಕ್ಷರಮಾಲೆಯನ್ನು ಕೈಯಿಂದ ಬರೆದು ಕಲಿಯುವುದೇ ಉಳಿಯುವ ವಿದ್ಯೆ. ಇನ್ನೊಂದು, ಮನೆತನದ ಹೆಸರು. 1811ರಲ್ಲಿ ನೆಪೋಲಿಯನ್ನನ ಆಜ್ಞೆ ಬರುವವರೆಗೆ ಇಲ್ಲಿಯ ಹೆಚ್ಚಿನ ರೈತ ಕುಟುಂಬಗಳಲ್ಲಿ ತಂದೆಯ ಹೆಸರೇ ಮಗನ ಎರಡನೆಯ ಹೆಸರಾಗುತ್ತಿತ್ತು. ಯಾನ್‌ನ ಮಗ ಹಾರ್ಮ್ ಯಾನ್ಸೆನ್, ಅವನ ಮಗ ಯಾನ್ ಹಾರ್ಮ್ಸ್. ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳುವ ನಮಗೆ ಇದು ಹೊಸತಲ್ಲ; ಆದರೆ ಸ್ಥಿರವಾದ ಉಪನಾಮವನ್ನೇ ಹಿಡಿದು ಹಿಂದಕ್ಕೆ ಹೋಗುವವರು ಇಲ್ಲಿ ದಾರಿ ತಪ್ಪುತ್ತಾರೆ. ಔರಿಖ್‌ನ ಉಪ್‌ಸ್ಟಾಲ್ಸ್‌ಬೋಮ್ ಸಂಘ ಹಲವು ಚರ್ಚು ವ್ಯಾಪ್ತಿಗಳ ಕುಟುಂಬಗಳನ್ನು ಕ್ರಮವಾಗಿ ಜೋಡಿಸಿದ ಊರುವಂಶಾವಳಿ ಪುಸ್ತಕಗಳನ್ನು ಪ್ರಕಟಿಸಿದೆ; ಅವು ಸಿಕ್ಕಲ್ಲಿ ಅರ್ಧ ಕೆಲಸ ಮುಗಿದಂತೆ.

ನಕ್ಷೆಗಳನ್ನು ಕಾಲಕ್ರಮದಲ್ಲಿ ಒಂದರ ಪಕ್ಕ ಒಂದಿಟ್ಟು ನೋಡಬೇಕು. ಆಗಸ್ಟ್ ಪಾಪೆನ್ ಸಿದ್ಧಪಡಿಸಿದ ಹ್ಯಾನೋವರ್ ರಾಜ್ಯದ ನಕ್ಷಾಸಂಪುಟ 1832ರಿಂದ 1847ರ ನಡುವೆ ಹೊರಬಂದದ್ದರಿಂದ ಕಿಟ್ಟೆಲ್‌ರ ಬಾಲ್ಯದ ಸೀಮೆಯನ್ನು ನೋಡಲು ಅದೇ ಸೂಕ್ತ. 19ನೇ ಶತಮಾನದ ಕೊನೆಯ 1:25,000 ಪ್ರಮಾಣದ ಪ್ರಷ್ಯನ್ ನಕ್ಷೆಗಳಲ್ಲಿ ಕಾಲುವೆ, ಏರಿ, ಒಂಟಿಮನೆಗಳು ಒಂದೊಂದಾಗಿ ಕಾಣುತ್ತವೆ. ಅಂಥ ಒಂಟಿಮನೆಗಳಲ್ಲಿ ಹಲವು, ಜನ, ದನ, ಹುಲ್ಲುಬಣವೆ ಎಲ್ಲವನ್ನೂ ಒಂದೇ ದೊಡ್ಡ ಮಾಡಿನಡಿ ಇಟ್ಟ ಗುಲ್ಫ್‌ಹೌಸ್ ಮಾದರಿಯವು.

20ನೇ ಶತಮಾನಕ್ಕೆ ಬಂದಾಗ ಎಚ್ಚರ ಬೇಕು. ಜರ್ಮನ್ ಹಳ್ಳಿಗಳ ಅನೇಕ ಹಳೆಯ ಊರುಚರಿತ್ರೆಗಳು ಅಗ್ನಿಶಾಮಕ ದಳದ ಸ್ಥಾಪನೆಯನ್ನು ವಿವರವಾಗಿ ಬಣ್ಣಿಸಿ 1933ರಿಂದ 1945ರವರೆಗಿನ ನಾಜಿ ಆಳ್ವಿಕೆಯ ಅವಧಿಯನ್ನು ಎರಡು ವಾಕ್ಯಗಳಲ್ಲಿ ದಾಟಿಬಿಡುತ್ತವೆ. ಆ ಮೌನವನ್ನು ತುಂಬಲು ಡೋರ್ನುಮ್‌ಗೆ ಹೋಗಬೇಕು. 1841ರಲ್ಲಿ ಕಟ್ಟಿದ ಅಲ್ಲಿಯ ಸಿನಗಾಗ್ (ಯೆಹೂದಿಗಳ ಪ್ರಾರ್ಥನಾಮಂದಿರ), 1938ರ ನವೆಂಬರ್ 7ರಂದು, ದೇಶದಾದ್ಯಂತ ಸಿನಗಾಗ್‌ಗಳಿಗೆ ಬೆಂಕಿಯಿಟ್ಟ ರಾತ್ರಿಗೆ ಎರಡೇ ದಿನ ಮೊದಲು, ಒಬ್ಬ ಬಡಗಿಗೆ ಮಾರಾಟವಾಗಿದ್ದರಿಂದ ಸುಡದೆ ಉಳಿಯಿತು. ಓಸ್ಟ್‌ಫ್ರೀಸ್‌ಲಾಂಟಿನಲ್ಲಿ ಹಾಗೆ ಉಳಿದ ಏಕೈಕ ಸಿನಗಾಗ್ ಅದು. ಈಗ ಅದು ಸ್ಮಾರಕ.

ಕಿಟ್ಟೆಲ್‌ರನ್ನೇ ಹುಡುಕಿ ಹೊರಟವರಿಗೆ ಹಳ್ಳಿಯಲ್ಲಿ ಹೆಚ್ಚೇನೂ ದಕ್ಕದು. ಅವರು ಔರಿಖ್‌ನಲ್ಲಿ ಓದಿ, 1850ರಲ್ಲಿ ಬಾಸೆಲ್ ಮಿಷನ್ ಸೇರಿ, 1853ರಲ್ಲಿ ಭಾರತಕ್ಕೆ ಬಂದವರು. 1903ರಲ್ಲಿ ತೀರಿಕೊಂಡದ್ದು ದೇಶದ ಇನ್ನೊಂದು ತುದಿಯ ಟ್ಯೂಬಿಂಗೆನ್‌ನಲ್ಲಿ. ಮಿಷನ್ ಸೇರಬಯಸುವವರು ತಮ್ಮ ಜೀವನವೃತ್ತಾಂತವನ್ನು ತಾವೇ ಬರೆದು ಕೊಡುವ ರೂಢಿ ಬಾಸೆಲ್ಲಿನಲ್ಲಿತ್ತು. ಮಿಷನ್ನಿನ ಕಡತಗಳು ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ನಗರದಲ್ಲಿ, ಮಿಷನ್ 21 ಸಂಸ್ಥೆಯ ಪತ್ರಾಗಾರದಲ್ಲಿವೆ. ಅದರ ಸೂಚಿಯನ್ನೂ ಹಳೆಯ ಛಾಯಾಚಿತ್ರಗಳನ್ನೂ ಮನೆಯಿಂದಲೇ ನೋಡಬಹುದು. ಬೇಕಾದ ಕಡತದ ಸಂಖ್ಯೆಯನ್ನು ಆ ಸೂಚಿಯಿಂದ ಗುರುತಿಸಿಕೊಂಡು, ಪತ್ರಾಗಾರಕ್ಕೆ ಜರ್ಮನ್ ಅಥವಾ ಇಂಗ್ಲಿಷಿನಲ್ಲಿ ಮುಂಚಿತವಾಗಿ ಬರೆದು ದಿನ ಗೊತ್ತುಮಾಡಿಕೊಂಡ ಮೇಲೆಯೇ ಪ್ರಯಾಣದ ಟಿಕೆಟ್ ತೆಗೆದುಕೊಳ್ಳುವುದು ಒಳ್ಳೆಯದು.