ಕಳವಾದ ಮೋಟಾರಿನ ಜಾಡು ಹಿಡಿದು ಕ್ರಿಮಿನಲ್ ಕಾನೂನು ಕಲಿಯುವುದು ಹೇಗೆ?

ಕಾನೂನು ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ನಮ್ಮ ಕಚೇರಿಗೆ ಬಂದರೆ ಮೊದಲು ಕಲಮುಗಳ ಸಂಖ್ಯೆಯನ್ನೇ ಒಪ್ಪಿಸುತ್ತಾರೆ. ಅಪರಾಧ ಮತ್ತು ಶಿಕ್ಷೆಯನ್ನು ಹೇಳುವ ಭಾರತೀಯ ನ್ಯಾಯ ಸಂಹಿತೆಯಲ್ಲಿ 358, ತನಿಖೆ ಮತ್ತು ವಿಚಾರಣೆಯ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 531, ಸಾಕ್ಷ್ಯದ ನಿಯಮಗಳ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 170. ಇವನ್ನು ಬಾಯಿಪಾಠ ಮಾಡುವುದರಲ್ಲೇ ಮೊದಲ ವರ್ಷ ಕಳೆದುಹೋಗುತ್ತದೆ. ನಾನು ಅವರಿಗೆ ಹೇಳುವುದು ಬೇರೆ: ಒಂದೇ ಒಂದು ಸಣ್ಣ ಪ್ರಕರಣ ಹಿಡಿಯಿರಿ, ಹೊಲದಿಂದ ನ್ಯಾಯಾಲಯದವರೆಗೆ ಅದರ ಬೆನ್ನು ಬೀಳಿರಿ. ಪ್ರತಿ ಹಂತದಲ್ಲಿ ಎರಡು ಪ್ರಶ್ನೆ ಕೇಳಿಕೊಳ್ಳಿ. ಇಲ್ಲಿ ಅಧಿಕಾರ ಯಾರ ಕೈಯಲ್ಲಿದೆ? ಆ ಕೈಗೆ ಲಗಾಮು ಯಾವುದು?

ಜಮಖಂಡಿ ತಾಲ್ಲೂಕಿನ ಕೃಷ್ಣಾ ದಂಡೆಯಲ್ಲಿ ಒಬ್ಬ ರೈತನ ನೀರೆತ್ತುವ ಪಂಪಿನ ಮೋಟಾರು ರಾತ್ರೋರಾತ್ರಿ ಕಾಣೆಯಾಯಿತು ಎಂದುಕೊಳ್ಳೋಣ. ಕಬ್ಬಿಗೆ ನೀರು ಬಿಡಲು ಬಂದವನಿಗೆ ಕಂಡದ್ದು ಕತ್ತರಿಸಿದ ಕೇಬಲ್ಲಿನ ತುದಿ ಮತ್ತು ಕೆಸರಿನಲ್ಲಿ ಮೂಡಿದ ಟೈರಿನ ಗುರುತು ಮಾತ್ರ. ಮೋಟಾರಿನ ಬೆಲೆ 30 ಸಾವಿರ ರೂಪಾಯಿ.

ಮೊದಲು ತಾರೀಖು, ಆಮೇಲೆ ಕಲಮು

ಮೇಲೆ ಹೇಳಿದ ಮೂರು ಹೊಸ ಕಾನೂನುಗಳು ಜಾರಿಗೆ ಬಂದದ್ದು 2024ರ ಜುಲೈ 1ರಂದು. ಕಳವು ಅದಕ್ಕಿಂತ ಹಿಂದಿನದಾದರೆ ಅಪರಾಧಕ್ಕೆ ಅನ್ವಯಿಸುವುದು 1860ರ ಭಾರತೀಯ ದಂಡ ಸಂಹಿತೆಯೇ. ಹೀಗಾಗಿ ಹಳೆಯ ಪುಸ್ತಕವನ್ನು ರದ್ದಿಗೆ ಹಾಕಬೇಡಿ.

ಮುಂದಿನದು, ಇದು ಕಳವು ಹೌದೇ ಎಂಬ ಪ್ರಶ್ನೆ. ನ್ಯಾಯ ಸಂಹಿತೆಯ 303ನೇ ಕಲಮಿನಂತೆ ಚರ ವಸ್ತುವನ್ನು, ಅದು ಯಾರ ಸ್ವಾಧೀನದಲ್ಲಿದೆಯೋ ಅವರ ಒಪ್ಪಿಗೆಯಿಲ್ಲದೆ, ಅಪ್ರಾಮಾಣಿಕ ಉದ್ದೇಶದಿಂದ ಕದಲಿಸಿದರೆ ಕಳವು. ಎಲ್ಲರೂ ಎಡವುವುದು ‘ಅಪ್ರಾಮಾಣಿಕ ಉದ್ದೇಶ’ ಎಂಬಲ್ಲಿ. ಅಣ್ಣತಮ್ಮಂದಿರು ಪಾಲಾಗಿದ್ದಾರೆ, ಬಾವಿಯ ಮೋಟಾರು ಯಾರ ಪಾಲಿನದು ಎಂಬ ತಂಟೆ ಇದೆ. ಅದು ತನ್ನದೇ ಎಂದು ನಿಜವಾಗಿ ನಂಬಿದ ತಮ್ಮ ಅದನ್ನು ಬಿಚ್ಚಿಕೊಂಡು ಹೋದರೆ? ಕೃತ್ಯ ಅದೇ, ಮನಸ್ಸು ಬೇರೆ. ಅದು ಸಿವಿಲ್ ನ್ಯಾಯಾಲಯದಲ್ಲಿ ಬಗೆಹರಿಯಬೇಕಾದ ಜಗಳ, ಕಳವಲ್ಲ. ಕೃತ್ಯ ಮತ್ತು ಮನಸ್ಸು ಎರಡೂ ಕೂಡಿದಾಗಲೇ ಸಾಮಾನ್ಯವಾಗಿ ಅಪರಾಧವಾಗುತ್ತದೆ ಎಂಬ ತತ್ವ ನನಗೆ ತಲೆಗೆ ಹತ್ತಿದ್ದು ಇಂಥ ಪಾಲಿನ ಜಗಳಗಳಿಂದಲೇ.

ಬಯಲಿನಲ್ಲಿದ್ದ ಮೋಟಾರು ಕದ್ದರೆ ಮೂರು ವರ್ಷದವರೆಗೆ ಶಿಕ್ಷೆ. ಸಾಮಾನು ಕಾಪಿಡುವ ಕಟ್ಟಡದೊಳಗಿನಿಂದ ಕದ್ದರೆ 305ನೇ ಕಲಮು, ಏಳು ವರ್ಷದವರೆಗೆ. ಮೋಟಾರು ಶೆಡ್ಡಿನಲ್ಲಿತ್ತೋ ದಂಡೆಯ ಮೇಲಿತ್ತೋ ಎಂಬ ಒಂದು ಸಂಗತಿ ಇಡೀ ಪ್ರಕರಣದ ತೂಕವನ್ನೇ ಬದಲಿಸುತ್ತದೆ.

ಠಾಣೆಯಲ್ಲಿ

ಇದು ಸಂಜ್ಞೇಯ ಅಪರಾಧ. ಎಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ನಡೆಸಬಹುದು. ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಫಿರ್ಯಾದಿ ಬಾಯಿಂದ ಹೇಳಿದ್ದನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಪಡೆಯಬೇಕು. ಪ್ರತಿಯನ್ನು ಪುಕ್ಕಟೆಯಾಗಿ ಕೊಡಬೇಕು. ‘ಇದು ನಮ್ಮ ಹದ್ದಿಗೆ ಬರುವುದಿಲ್ಲ’ ಎಂದು ಸಾಗಹಾಕುವಂತಿಲ್ಲ; ಕೃತ್ಯ ಎಲ್ಲೇ ನಡೆದಿದ್ದರೂ ಮಾಹಿತಿ ದಾಖಲಿಸಲೇಬೇಕು. ಫೋನಿನಲ್ಲಿಯೋ ಇ-ಮೇಲಿನಲ್ಲಿಯೋ ತಿಳಿಸಿದರೆ ಮೂರು ದಿನದೊಳಗೆ ಸಹಿ ಮಾಡಬೇಕು. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆಯಬಹುದು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಇದೇ ಇಲ್ಲಿನ ಲಗಾಮು.

ಹೀಗೆ ದಾಖಲಾದ ಪ್ರಥಮ ವರ್ತಮಾನ ವರದಿ (ಎಫ್‌ಐಆರ್) ಕೈಗೆ ಬಂದರೆ ಕೃತ್ಯ ನಡೆದ ಸಮಯ, ಮಾಹಿತಿ ಬಂದ ಸಮಯ, ತಡವಾಗಿದ್ದರೆ ಅದಕ್ಕೆ ಕಾರಣ, ಈ ಅಂಕಣಗಳನ್ನು ಮೊದಲು ನೋಡಿ. ಪಾಟಿ ಸವಾಲಿನ, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಗೆ ಹಾಕುವ ಸವಾಲಿನ, ಅರ್ಧ ಪ್ರಶ್ನೆಗಳು ಹುಟ್ಟುವುದೇ ಅಲ್ಲಿ. ಆದರೆ ಈ ವರದಿಯೇ ಸ್ವತಂತ್ರ ಸಾಕ್ಷ್ಯವಲ್ಲ. ಬರೆಸಿದವನು ನ್ಯಾಯಾಲಯಕ್ಕೆ ಬಂದು ನುಡಿಯಬೇಕು.

ಬಂಧನ

ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧದಲ್ಲಿ ಬಂಧನ ಯಾಕೆ ಅಗತ್ಯ ಎಂಬುದಕ್ಕೆ ಪೊಲೀಸರು ಕಾರಣ ಬರೆದಿಡಬೇಕು. ಅಗತ್ಯವಿಲ್ಲದಿದ್ದರೆ ಸುರಕ್ಷಾ ಸಂಹಿತೆಯ 35ನೇ ಕಲಮಿನ ಪ್ರಕಾರ ಹಾಜರಾಗುವಂತೆ ನೋಟಿಸು ಸಾಕು. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಇದು ಸಂವಿಧಾನದ 22ನೇ ವಿಧಿಯೇ ಕೊಟ್ಟ ರಕ್ಷಣೆ. ವಕೀಲರನ್ನು ಇಟ್ಟುಕೊಳ್ಳಲು ಶಕ್ತಿ ಇಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. ಇಂಥ ಪ್ರಕರಣದಲ್ಲಿ ಆರೋಪಿ ಒಳಗಿದ್ದು 60 ದಿನವಾದರೂ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ.

ರವದಿಯ (ಕಬ್ಬಿನ ಒಣ ಗರಿಯ) ಅಡಿಯಲ್ಲಿ ಸಿಕ್ಕ ಮೋಟಾರು

ಇಲ್ಲಿ ಸ್ವಲ್ಪ ನಿಲ್ಲಿ. ಪರೀಕ್ಷೆಯಲ್ಲೂ ಕಟಕಟೆಯಲ್ಲೂ ಅತಿ ಹೆಚ್ಚು ಪೆಟ್ಟು ತಿನ್ನುವ ಜಾಗ ಇದು.

ಆರೋಪಿ ಪೊಲೀಸರ ಮುಂದೆ ಹೇಳುತ್ತಾನೆ: ‘ಮೋಟಾರು ನಾನೇ ಕದ್ದೆ. ಕಬ್ಬಿನ ಹೊಲದಲ್ಲಿ ರವದಿಯ ಅಡಿ ಮುಚ್ಚಿಟ್ಟಿದ್ದೇನೆ, ಬನ್ನಿ ತೋರಿಸುತ್ತೇನೆ.’ ಪಂಚರನ್ನು, ಅಂದರೆ ಜಪ್ತಿಗೆ ಸಾಕ್ಷಿಯಾಗುವ ಹೊರಗಿನವರನ್ನು, ಕರೆದುಕೊಂಡು ಹೋಗುತ್ತಾರೆ, ರವದಿ ಸರಿಸುತ್ತಾರೆ, ಮೋಟಾರು ಸಿಗುತ್ತದೆ, ಅವರ ಮುಂದೆ ಅದನ್ನು ಬರೆದು ಪಂಚನಾಮೆ ಆಗುತ್ತದೆ. ಜಪ್ತಿಯನ್ನು ಆಡಿಯೊ-ವಿಡಿಯೊದಲ್ಲಿ ದಾಖಲಿಸಬೇಕೆಂದು ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ.

ಈ ಮಾತಿನಲ್ಲಿ ನ್ಯಾಯಾಲಯ ಎಷ್ಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ? ಸಾಕ್ಷ್ಯ ಅಧಿನಿಯಮದ 23ನೇ ಕಲಮಿನಂತೆ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಹಾಗಾಗಿ ‘ನಾನೇ ಕದ್ದೆ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ. ‘ರವದಿಯ ಅಡಿ ಮುಚ್ಚಿಟ್ಟಿದ್ದೇನೆ’ ಎಂಬ ಮಾತಿನಿಂದ ವಸ್ತು ಪತ್ತೆಯಾಗಿದೆ. ಆ ಮಾತಿನಲ್ಲಿ ಪತ್ತೆಗೆ ನೇರವಾಗಿ ಸಂಬಂಧಿಸಿದ ಭಾಗವನ್ನಷ್ಟೇ ರುಜುವಾತು ಮಾಡಬಹುದು. 1947ರ ಕಾನೂನು ವರದಿಗಳಲ್ಲಿ ಅಚ್ಚಾದ ಪುಲುಕುರಿ ಕೋಟಯ್ಯ ಪ್ರಕರಣದಲ್ಲಿ, ಆಗ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಎಳೆದ ಗೆರೆ ಇದು. ಲಾಠಿಯ ಭಯಕ್ಕೆ ಯಾರು ಬೇಕಾದರೂ ಏನನ್ನಾದರೂ ಒಪ್ಪಿಕೊಂಡಾರು, ಆದರೆ ಬಚ್ಚಿಟ್ಟ ಜಾಗದ ಗುಟ್ಟು ಗೊತ್ತಿಲ್ಲದವನು ಮೋಟಾರು ತೋರಿಸಲಾರ ಎಂಬ ವಿವೇಕ ಇದರ ಹಿಂದಿದೆ. ಅದೂ ಮೋಟಾರು ಮೊದಲೇ ಪೊಲೀಸರಿಗೆ ಸಿಕ್ಕಿರದಿದ್ದರೆ ಮಾತ್ರ! ಅದಕ್ಕೇ ಪಂಚನಾಮೆಯ ಸಮಯ, ಪಂಚರು ಯಾರು, ವಿಡಿಯೊ ಎಲ್ಲಿಂದ ಶುರುವಾಗುತ್ತದೆ ಎಂಬುದೆಲ್ಲ ಮುಖ್ಯ.

ಕೇಬಲ್ ಗುಜರಿ ಅಂಗಡಿಯಲ್ಲಿ ಸಿಕ್ಕಿತು ಎನ್ನಿ. ಅಂಗಡಿಯವನಿಗೆ ಕಳವಿನ ಮಾಲು ಪಡೆದವರ ಮೇಲಿನ, ನ್ಯಾಯ ಸಂಹಿತೆಯ 317ನೇ ಕಲಮು ತಾಗಬೇಕಾದರೆ ಅದು ಕಳವಿನ ಮಾಲೆಂದು ಅವನಿಗೆ ಗೊತ್ತಿರಬೇಕು, ಇಲ್ಲವೇ ಹಾಗೆಂದು ನಂಬಲು ಕಾರಣವಿರಬೇಕು. ನಡುರಾತ್ರಿ ಅರ್ಧ ಬೆಲೆಗೆ ಕೊಂಡನೋ, ಹಗಲಿನಲ್ಲಿ ರಸೀದಿ ಕೊಟ್ಟು ಕೊಂಡನೋ? ಮತ್ತೆ ಮನಸ್ಸಿನ ಪ್ರಶ್ನೆಗೇ ಬಂದೆವು.

ಮೋಟಾರು ಈಗ ಮುದ್ದೆಮಾಲು, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ಮಾಲು. ವಿಚಾರಣೆ ಮುಗಿಯುವವರೆಗೆ ಅದು ಠಾಣೆಯಲ್ಲಿ ತುಕ್ಕು ಹಿಡಿಯಬೇಕಿಲ್ಲ. ಮಧ್ಯಂತರ ವಶಕ್ಕೆ ಕೊಡುವಂತೆ ರೈತ ಅರ್ಜಿ ಹಾಕಬಹುದು. ಕಬ್ಬು ಒಣಗುತ್ತಿರುವವನಿಗೆ ತೀರ್ಪಿಗಿಂತ ಮೊದಲು ಬೇಕಾದದ್ದು ಇದೇ. ಹೊಸ ವಕೀಲರು ಮರೆಯುವುದೂ ಇದನ್ನೇ.

ವಿಚಾರಣೆ

ಆರೋಪಿಗೆ ದೋಷಾರೋಪಣ ಪಟ್ಟಿಯ ಪ್ರತಿ ಸಿಗುತ್ತದೆ, ಆರೋಪ ಹೊರಿಸುತ್ತಾರೆ, ಅವನು ಒಪ್ಪದಿದ್ದರೆ ಸಾಕ್ಷಿಗಳು ಬರುತ್ತಾರೆ. ಮುಖ್ಯ ವಿಚಾರಣೆ, ಆಮೇಲೆ ಪಾಟಿ ಸವಾಲು. ಸಂಶಯಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡುವ ಹೊಣೆ ಪ್ರಾಸಿಕ್ಯೂಷನ್ನಿನದು. ಆರೋಪಿ ಬಾಯಿ ಬಿಡದೆ ಕೂತರೂ ಅದನ್ನು ಅವನ ತಪ್ಪೆಂದು ಎಣಿಸುವಂತಿಲ್ಲ. ಶಿಕ್ಷೆಯಾದರೆ ಮೇಲ್ಮನವಿ ಸೆಷನ್ಸ್ ನ್ಯಾಯಾಲಯಕ್ಕೆ. ಅಲ್ಲಿಂದ ಮುಂದೆ ಬಾಗಲಕೋಟೆ ಮತ್ತು ಬೆಳಗಾವಿಯವರು ಹೈಕೋರ್ಟಿನ ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗುತ್ತಾರೆ.

ಓದಿದ್ದು ಇಷ್ಟಾದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ನಿಮ್ಮ ತಾಲ್ಲೂಕಿನ ನ್ಯಾಯಾಲಯಕ್ಕೆ ಬನ್ನಿ. ಅದು ತೆರೆದ ನ್ಯಾಯಾಲಯ. ನ್ಯಾಯಾಧೀಶರು ವಿಶೇಷವಾಗಿ ತಡೆಯದ ಹೊರತು ಯಾರು ಬೇಕಾದರೂ ಬಂದು ಕೂರಬಹುದು. ಮೊಬೈಲ್ ಬಂದ್ ಮಾಡಿ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಿ. ಪಂಚ ಸಾಕ್ಷಿಯನ್ನು ಕರೆದಾಗ ನೋಟ್‌ಬುಕ್ ತೆರೆಯಿರಿ. ಸಹಿ ತನ್ನದೇ, ಆದರೆ ಎಲ್ಲಿ ಮಾಡಿದ್ದೆಂದು ನೆನಪಿಲ್ಲ ಎಂದು ಅವನು ನುಡಿದರೆ ಸರ್ಕಾರಿ ವಕೀಲರು ಮುಂದಿನ ಪ್ರಶ್ನೆ ಏನು ಕೇಳುತ್ತಾರೆ, ಅದನ್ನು ಹಾಗೆಯೇ ಬರೆದುಕೊಳ್ಳಿ.