ಬೊಜ್ಜಿನ ಲೆಕ್ಕಕ್ಕೆ ಒಂದು ದಾರ ಸಾಕು

ತೂಕದ ಯಂತ್ರ ಸ್ವಲ್ಪ ಹೊತ್ತು ಮಂಚದ ಕೆಳಗೇ ಇರಲಿ. ಮೈತೂಕದಲ್ಲಿ ಕೊಬ್ಬೆಷ್ಟು, ಅದು ಕೂತಿರುವುದೆಲ್ಲಿ ಎಂಬುದು ಅದರ ಮುಳ್ಳಿಗೆ ಗೊತ್ತಾಗುವುದಿಲ್ಲ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್ ಇಬ್ಬರೂ 2004ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೊ ಹಾಕಿ ಇದನ್ನು ತೋರಿಸಿಕೊಟ್ಟರು. ಇಬ್ಬರದೂ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟೆಂಬ ಲೆಕ್ಕ, 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕರ ಮೈಯಲ್ಲಿ ಶೇ 21.2!

ಹಾಗಂತ ಕೊಬ್ಬನ್ನು ಪೂರಾ ಬೈಯಬೇಕಿಲ್ಲ. ಮೂತ್ರಪಿಂಡಕ್ಕೂ ಹಿಮ್ಮಡಿಗೂ ಅದೇ ಮೆತ್ತೆ. ಉಗ್ರಾಣದಲ್ಲಿ ದಾಸ್ತಾನು ಎಷ್ಟಿದೆಯೆಂದು ಲೆಪ್ಟಿನ್ ಎಂಬ ಹಾರ್ಮೋನಿನ ಮೂಲಕ ಮಿದುಳಿಗೆ ವರದಿ ಒಪ್ಪಿಸುವುದೂ ಅದೇ. ದಾಸ್ತಾನು ತೀರಾ ಇಳಿದರೆ ಹೆಣ್ಣುಮಕ್ಕಳ ಮುಟ್ಟು ನಿಂತುಹೋಗುವುದುಂಟು. ತೊಡೆಯ ಕೊಬ್ಬಿನದು ಅಂಥ ಕಾಟವಿಲ್ಲ. ಕಾಟವೆಲ್ಲ ಕರುಳಿನ ಸುತ್ತ, ಲಿವರ್ ಒಳಗೆ ಸೇರಿಕೊಳ್ಳುವುದರದು. ಅದು ಹೆಚ್ಚಿದಂತೆ ಇನ್ಸುಲಿನ್ ಮಾತು ನಡೆಯುವುದಿಲ್ಲ. ಸಕ್ಕರೆ ಕಾಯಿಲೆಗೆ ದಾರಿಯಾಗುತ್ತದೆ. ಹೊಟ್ಟೆ ಚಿವುಟಿದರೆ ಕೈಗೆ ಸಿಗುವುದು ಚರ್ಮದಡಿಯ ಕೊಬ್ಬು ಮಾತ್ರ. ಒಳಗಿನದನ್ನು ಅಂದಾಜು ಮಾಡಲು ಸೊಂಟವನ್ನೇ ಅಳೆಯಬೇಕು.

ಮೊದಲು ಜಾಗ ಹುಡುಕಿ. ಪ್ಯಾಂಟಿನ ಸೈಜು ನಂಬಬೇಡಿ: ಹೊಟ್ಟೆ ಬೆಲ್ಟಿನ ಮೇಲೆ ಜೋತುಬಿದ್ದರೂ ಗಂಡಸರು ವರ್ಷಗಟ್ಟಲೆ ‘ನಂದು ಮೂವತ್ನಾಲ್ಕೇ’ ಎನ್ನುತ್ತಾರೆ. ಪಕ್ಕೆಯಲ್ಲಿ ಬೆರಳೊತ್ತಿ ಕೊನೆಯ ಪಕ್ಕೆಲುಬಿನ ಅಂಚು ಹುಡುಕಿ, ಕೆಳಗೆ ಸೊಂಟದ ಮೂಳೆಯ ಮೇಲ್ತುದಿ ಹುಡುಕಿ. ಎರಡರ ನಡುಮಧ್ಯೆ ಪೆನ್ನಿನಿಂದ ಗುರುತು ಹಾಕಿ.

ಟೈಲರ್ ಟೇಪನ್ನು ಬರಿಮೈಮೇಲೆ ಆ ಗುರುತಿನ ಮಟ್ಟದಲ್ಲೇ ಸುತ್ತಿ. ಬೆನ್ನ ಹಿಂದೆ ಅದು ಜಾರುತ್ತದೆ, ಕನ್ನಡಿ ನೋಡಿಕೊಳ್ಳಿ. ಉಡಿದಾರದಂತೆ ತಾಗಿರಲಿ, ಚರ್ಮಕ್ಕೆ ಒತ್ತಬಾರದು. ಸಹಜವಾಗಿ ಉಸಿರು ಬಿಟ್ಟು, ಆ ಗಳಿಗೆಯಲ್ಲಿ ಅಳತೆ ನೋಡಿ. ಹೊಟ್ಟೆ ಒಳಗೆಳೆದುಕೊಳ್ಳಬೇಡಿ, ನೋಡುತ್ತಿರುವುದು ನೀವೊಬ್ಬರೇ.

ನಮ್ಮವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಗಡಿ. ಬಸುರಿಯರಿಗೆ ಈ ಲೆಕ್ಕ ಅನ್ವಯಿಸದು.

ಟೇಪಿಲ್ಲವೇ? ನಿಮ್ಮಷ್ಟೇ ಎತ್ತರದ ದಾರ ಕತ್ತರಿಸಿ, ಎರಡಾಗಿ ಮಡಚಿ, ಅದೇ ಗುರುತಿನ ಸುತ್ತ ತನ್ನಿ. ಸೊಂಟ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು. ತುದಿಗಳು ಕೂಡದಿದ್ದರೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ತೋರಿಸಿಕೊಳ್ಳಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಇಂದಿನ ಅಳತೆ ಬರೆದಿಟ್ಟು, ಮುಂದಿನ ತಿಂಗಳು ಅದೇ ತಾರೀಖು, ತಿಂಡಿಗೆ ಮುಂಚೆ, ಮತ್ತೆ ಸುತ್ತಿ ನೋಡಿ.