ಹಂದಿ ಕೊಬ್ಬು ಕರಗಿಸಿ ಇಟ್ಟುಕೊಳ್ಳುವುದು ಹೇಗೆ?

ಪೋರ್ಕ್ ಅಂಗಡಿಯಲ್ಲಿ ಬರೀ ‘ಕೊಬ್ಬು ಕೊಡಿ’ ಎಂದರೆ ಸಾಲದು, ಯಾವ ಭಾಗದ್ದು ಎಂದು ಬಿಡಿಸಿ ಹೇಳಿ. ಮೂತ್ರಪಿಂಡದ ಸುತ್ತ ಇರುವ ಕೊಬ್ಬು ಗಟ್ಟಿ, ವಾಸನೆ ಕಡಿಮೆ. ಬಿಸ್ಕತ್ತು, ಪಫ್ ಹಿಟ್ಟಿಗೆ ಅದೇ ಆಗಬೇಕು. ಒಗ್ಗರಣೆಗೆ, ಹುರಿಯುವುದಕ್ಕೆ ಬೆನ್ನಿನ ಕೊಬ್ಬು ಸಾಕು. ತೊಗಲು, ರಕ್ತದ ಕಲೆ, ಮಾಂಸದ ಎಳೆ ಏನಿದ್ದರೂ ಮೊದಲೇ ಕತ್ತರಿಸಿ ತೆಗೆಯಿರಿ. ಕೊಬ್ಬಿನಲ್ಲಿ ಉಳಿದ ಮಾಂಸವೇ ಮೊದಲು ಕಂದುವುದು; ಬಣ್ಣವೂ ವಾಸನೆಯೂ ಅಲ್ಲಿಂದಲೇ ಬರುತ್ತವೆ.

ಒಂದು ಕಿಲೋ ಕೊಬ್ಬನ್ನು ಅರ್ಧ ಗಂಟೆ ಫ್ರೀಜರಿನಲ್ಲಿಟ್ಟರೆ ಚಾಕು ಜಾರುವುದಿಲ್ಲ. ಅರ್ಧ ಅಂಗುಲದ ಚೂರು ಮಾಡಿ, ದಪ್ಪ ತಳದ ಪಾತ್ರೆಗೆ ಹಾಕಿ, 100 ಮಿಲಿ ನೀರು ಸೇರಿಸಿ ಸಣ್ಣ ಉರಿಯಲ್ಲಿಡಿ. ಮುಚ್ಚಳ ಬೇಡ, ಆವಿ ಹೊರಗೆ ಹೋಗಬೇಕು. ಕುಕ್ಕರ್ ಅಂತೂ ಬೇಡವೇ ಬೇಡ.

ಕೊಬ್ಬು ಕರಗಿ ತಳ ತುಂಬುವ ತನಕ ಚೂರುಗಳು ಸೀಯದಂತೆ ಕಾಯುವುದು ಆ ನೀರು. ನೀರು ಇರುವಷ್ಟು ಹೊತ್ತು ಶಾಖ ಅದರ ಕುದಿಬಿಂದುವಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಅದು 97 ಡಿಗ್ರಿ ಸೆಲ್ಸಿಯಸ್. ನೀರು ಇಂಗಿತೋ, ಶಾಖ ಬೇಗ ಏರುತ್ತದೆ. ಕೆಡುವುದೆಲ್ಲ ಈ ಘಟ್ಟದಲ್ಲೇ, ಹಾಗಾಗಿ ಒಲೆ ಬಿಟ್ಟು ಕದಲಬೇಡಿ. ಚಟಪಟ ಸದ್ದು, ದೊಡ್ಡ ಗುಳ್ಳೆ ಇದ್ದರೆ ನೀರು ಇನ್ನೂ ಇದೆ. ಸದ್ದು ತಗ್ಗಿ, ಗುಳ್ಳೆ ಸಣ್ಣದಾಗಿ, ಚೂರುಗಳು ತಿಳಿ ಹೊಂಬಣ್ಣಕ್ಕೆ ತಿರುಗಿದಾಗ ಆರಿಸಿ. ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ. ಅವಸರಕ್ಕೆ ಉರಿ ಹೆಚ್ಚಿಸಿದರೆ ಹಳದಿ ಬಣ್ಣದ, ಸುಟ್ಟ ವಾಸನೆಯ ಕೊಬ್ಬೇ ಸಿಗುವುದು. ಅದನ್ನು ಸರಿಪಡಿಸಲು ದಾರಿಯಿಲ್ಲ.

ಹತ್ತು ನಿಮಿಷ ಬಿಟ್ಟು, ಒಣ ಮಲ್‌ಮಲ್ ಬಟ್ಟೆಯಲ್ಲಿ ಸ್ಟೀಲ್ ಡಬ್ಬಿಗೆ ಸೋಸಿ. ಡಬ್ಬಿಯಲ್ಲಿ ಹನಿ ನೀರಿದ್ದರೂ ಕೊಬ್ಬು ಬೇಗ ಕೆಡುತ್ತದೆ. ಒಳ್ಳೆಯ ಕೊಬ್ಬಾದರೆ 700 ಗ್ರಾಂ ಆಸುಪಾಸು ಸಿಗುತ್ತದೆ. ಆರಿದಾಗ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಫ್ರಿಜ್ಜಿನಲ್ಲಿ ಮೂರು ತಿಂಗಳು ನಿಶ್ಚಿಂತೆ. ಏಪ್ರಿಲ್ ಸೆಕೆಯಲ್ಲಿ ಹೊರಗಿಟ್ಟರೆ ಕಮಟು ವಾಸನೆ ಹಿಡಿಯುತ್ತದೆ, ಆಗ ಎಸೆಯಿರಿ.

ಬಟ್ಟೆಯಲ್ಲಿ ಉಳಿದ ಚೂರುಗಳನ್ನು ಕರಿಬೇವಿನ ಜೊತೆ ಮತ್ತೆ ಗರಿಗರಿಯಾಗಿ ಹುರಿದು, ಉಪ್ಪು, ಕಾಳುಮೆಣಸಿನ ಪುಡಿ ಉದುರಿಸಿ ಅಕ್ಕಿ ರೊಟ್ಟಿ ಜೊತೆ ತಿನ್ನಿ. ಇದಕ್ಕಿಂತ ರುಚಿಯಾದ ಕೂಲಿ ಈ ಕೆಲಸಕ್ಕಿಲ್ಲ.

ಕುರಿ ಕೊಬ್ಬಿಗೂ ಇದೇ ಕ್ರಮ. ಆದರೆ ಅದು ಕರಗಲು ಹೆಚ್ಚು ಶಾಖ ಬೇಕು, ಆರಿದರೆ ಬಾಯೊಳಗೆ ಮೇಣದಂತೆ ಅಂಟುತ್ತದೆ. ಅದರಲ್ಲಿ ಮಾಡಿದ್ದನ್ನು ಬಿಸಿಬಿಸಿಯಾಗಿ ಬಡಿಸಿ. ಕೋಳಿ ಕೊಬ್ಬು ತೆಳು, ಬೇಗ ಕರಗುತ್ತದೆ, ನೀರು ಅರ್ಧಕ್ಕಿಳಿಸಿ.

ಹಂದಿ ಕೊಬ್ಬಿನಲ್ಲಿ ಸ್ಯಾಚುರೇಟೆಡ್ ಅಂಶ (ಹೆಚ್ಚಾದರೆ ಹೃದಯಕ್ಕೆ ಒಳ್ಳೆಯದಲ್ಲದ ಬಗೆಯ ಕೊಬ್ಬು) ಶೇ 40ರಷ್ಟು, ತುಪ್ಪದಲ್ಲಿ ಶೇ 60ರ ಮೇಲೆ. ಹಾಗೆಂದು ಧಾರಾಳವಾಗಿ ಸುರಿಯುವಂತಿಲ್ಲ: ಗ್ರಾಮಿಗೆ 9 ಕ್ಯಾಲೊರಿ ಎರಡರಲ್ಲೂ ಇದೆ. ಪಾತ್ರೆಯ ಜಿಡ್ಡನ್ನು ಸಿಂಕಿಗೆ ಸುರಿಯಬೇಡಿ, ಪೈಪಿನೊಳಗೆ ಹೆಪ್ಪುಗಟ್ಟಿ ಇಡೀ ಅಪಾರ್ಟ್‌ಮೆಂಟಿನ ನೀರು ಕಟ್ಟಿಕೊಳ್ಳುತ್ತದೆ. ಹಳೆ ಪೇಪರಿನಲ್ಲಿ ಒರೆಸಿ, ಆಮೇಲೆ ಬಿಸಿನೀರಿನಲ್ಲಿ ತೊಳೆಯಿರಿ.